ವಿಳಾಸವಿಲ್ಲದ ಹೆಸರುಗಳು: ಹಳೆಯ ಕಂಪ್ಯೂಟರುಗಳಲ್ಲಿ ಫೈಲು ಮತ್ತು ಸಾಧನ

ಶಿವಮೊಗ್ಗದಲ್ಲಿ ಕಂಪ್ಯೂಟರ್ ವಿಜ್ಞಾನ ಓದುತ್ತಿರುವ ವಿದ್ಯಾರ್ಥಿಗಳ ಮುಂದೆ ಈಚೆಗೆ ಆಡಿದ ಮಾತುಗಳನ್ನು, ಅಂದು ಬಂದವರಲ್ಲಿ ಕೆಲವರು ಕೇಳಿಕೊಂಡದ್ದರಿಂದ, ಇಲ್ಲಿ ಬರಹಕ್ಕಿಳಿಸಿದ್ದೇನೆ. ಮಾತಿನ ಭರದಲ್ಲಿ ಹಿಂದುಮುಂದಾಗಿದ್ದನ್ನು ಸರಿಪಡಿಸಿದ್ದೇನೆ. ಹಲಗೆಯ ಮೇಲೆ ಬರೆದು ತೋರಿಸಿದ್ದನ್ನು ವಾಕ್ಯಗಳಲ್ಲಿ ಹೇಳಲು ಪ್ರಯತ್ನಿಸಿದ್ದೇನೆ.

ಅಂದು ಮೊದಲಿಗೆ ಮುಂದಿನ ಸಾಲಿನಲ್ಲಿದ್ದ ಒಬ್ಬ ವಿದ್ಯಾರ್ಥಿಯನ್ನು ಕರೆದು, ವಿಂಡೋಸ್ 10 ಇದ್ದ ಲ್ಯಾಪ್‌ಟಾಪಿನಲ್ಲಿ ಹೊಸದೊಂದು ಫೋಲ್ಡರ್ ಮಾಡಿ ಅದಕ್ಕೆ ಇಂಗ್ಲಿಷಿನ ಸಿ, ಒ, ಎನ್ (ಕಾನ್) ಎಂಬ ಮೂರಕ್ಷರದ ಹೆಸರಿಡಲು ಹೇಳಿದೆ. ಅವನು ಇಟ್ಟ. ಸಾಧನದ ಹೆಸರು ಅಮಾನ್ಯವಾಗಿದೆ ಎಂಬ ಅರ್ಥದ ಸಂದೇಶ ಬಂತು. ಅವನು ಯಾವ ಸಾಧನವನ್ನೂ ಹೆಸರಿಸಿರಲಿಲ್ಲ, ಫೋಲ್ಡರಿಗೆ ಹೆಸರಿಟ್ಟಿದ್ದನಷ್ಟೆ. ಪಿಆರ್‌ಎನ್, ಆಕ್ಸ್, ನಲ್ ಎಂದು ಬೇರೆ ಹೆಸರುಗಳನ್ನು ಕೊಟ್ಟಾಗಲೂ ಅದೇ ಉತ್ತರ. ಕಾಮ್ ಮತ್ತು ಎಲ್‌ಪಿಟಿ ಎಂಬ ಅಕ್ಷರಗಳ ಮುಂದೆ 1ರಿಂದ 9ರವರೆಗಿನ ಯಾವ ಅಂಕಿ ಹಾಕಿದರೂ ಅದೇ. ಸಭೆಯಲ್ಲಿದ್ದವರಲ್ಲಿ ಹೆಚ್ಚಿನವರು ಹುಟ್ಟುವುದಕ್ಕೆ ಎಷ್ಟೋ ಮೊದಲು, 1980ರ ದಶಕದ ಆರಂಭದಲ್ಲಿ ತೆಗೆದುಕೊಂಡ ಒಂದು ತೀರ್ಮಾನ ಅವರ ಕಣ್ಣೆದುರಿನ ಯಂತ್ರದಲ್ಲಿ ಇನ್ನೂ ಜೀವಂತವಾಗಿತ್ತು. ಆ ತೀರ್ಮಾನ ಹೇಗೆ ಹುಟ್ಟಿತು, ಅದರಲ್ಲಿ ಒಳ್ಳೆಯದೇನಿತ್ತು, ಎಲ್ಲಿ ಎಡವಿತು ಎಂಬುದೇ ಈ ಮಾತಿನ ವಿಷಯ.

ನನಗೆ ಈ ಹೆಸರುಗಳ ಪರಿಚಯವಾದದ್ದು ಪುಸ್ತಕದಿಂದಲ್ಲ. ತೊಂಬತ್ತರ ದಶಕದ ಆರಂಭದಲ್ಲಿ ಈ ಊರಿನ ಒಂದು ಅಡಿಕೆ ಮಂಡಿಗೆ ನಾನು ಲೆಕ್ಕದ ಪ್ರೋಗ್ರಾಮ್ ಬರೆದುಕೊಟ್ಟಿದ್ದೆ. ಭಾಷೆ ಟರ್ಬೊ ಸಿ, ಯಂತ್ರವನ್ನು ನಡೆಸುವ ವ್ಯವಸ್ಥೆ ವಿಂಡೋಸ್‌ಗಿಂತ ಹಿಂದಿನ ಡಾಸ್, ಪಕ್ಕದಲ್ಲಿ ಒಂದು ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್. ಒಬ್ಬೊಬ್ಬ ಬೆಳೆಗಾರರಿಗೆ ಒಂದೊಂದು ಫೈಲು: ಯಾವ ದಿನ ಎಷ್ಟು ಮೂಟೆ ಬಂತು, ಅಡಿಕೆಯ ಬಗೆಗಳಲ್ಲಿ ರಾಶಿ ಎಷ್ಟು, ಬೆಟ್ಟೆ ಎಷ್ಟು, ಗೊರಬಲು ಎಷ್ಟು, ಯಾವ ದರಕ್ಕೆ ಹೋಯಿತು, ಮುಂಗಡ ಎಷ್ಟು ಪಡೆದಿದ್ದಾರೆ ಎಂಬ ಸಾಲುಗಳು. ಫೈಲಿನ ಹೆಸರು ಎಂಟಕ್ಷರ ಮೀರುವಂತಿರಲಿಲ್ಲವಾದ್ದರಿಂದ ಮಂಡಿಯವರು ಬಾಯಲ್ಲಿ ಕರೆಯುವ ರೂಢಿಯನ್ನೇ ಹಿಡಿದು ಇನಿಷಿಯಲ್‌ಗಳನ್ನು ಹೆಸರಾಗಿಸಿದೆ. ನಮ್ಮ ಕಡೆ ಊರಿನ ಮೊದಲಕ್ಷರ, ತಂದೆಯ ಹೆಸರಿನ ಮೊದಲಕ್ಷರ, ತನ್ನ ಹೆಸರಿನ ಮೊದಲಕ್ಷರ ಸೇರಿಸಿ ಮೂರಕ್ಷರದಲ್ಲೇ ಮನುಷ್ಯರನ್ನು ಕರೆಯುವುದು ಎಲ್ಲರಿಗೂ ಗೊತ್ತಿರುವುದೇ.

ಒಬ್ಬ ಬೆಳೆಗಾರರ ಆ ಮೂರಕ್ಷರ ಪಿ, ಆರ್, ಎನ್ ಆಗಿತ್ತು. ಅವರ ಖಾತೆಯ ಫೈಲು ಪಿಆರ್‌ಎನ್.ಡ್ಯಾಟ್. ಗುಮಾಸ್ತರು ಅವರ ಲೆಕ್ಕ ತುಂಬಿಸಿ ಉಳಿಸಲು ಒತ್ತಿದೊಡನೆ ಪ್ರಿಂಟರಿನ ತಲೆ ಕರಕರ ಎಂದು ಓಡಾಡಿ ಎರಡು ಮೂರು ಸಾಲು ಅಚ್ಚು ಹಾಕಿ ನಿಲ್ಲುತ್ತಿತ್ತು. ಯಾವುದೋ ಬಿಲ್ಲಿನ ಚೂರು ಇರಬೇಕೆಂದು ಅವರು ಹಾಳೆಯನ್ನು ಹರಿದು ಬದಿಗಿಡುತ್ತಿದ್ದರು. ಮಾರನೆಯ ದಿನ ಖಾತೆ ತೆಗೆದರೆ ಒಂದು ಸಾಲೂ ಇಲ್ಲ. "ಸಾರ್, ಉಳಿದೋರದ್ದೆಲ್ಲ ಸರಿ ಬರ್ತದೆ, ಇವರೊಬ್ಬರದ್ದು ಮಾತ್ರ ಖಾಲಿ ಬರ್ತದೆ" ಎಂದರು. ನಾನು ಎರಡು ದಿನ ನನ್ನ ಪ್ರೋಗ್ರಾಮಿನಲ್ಲೇ ತಪ್ಪು ಹುಡುಕಿದೆ. ಫೈಲು ಇದೆಯೇ ಎಂದು ಕೇಳಿದರೆ ಇದೆ ಎಂದೇ ಡಾಸ್ ಹೇಳುತ್ತಿತ್ತು. ತೆರೆಯಲು ಹೋದರೆ ತೆರೆಯುತ್ತಿತ್ತು. ಬರೆದರೆ ಬರೆದೆನೆಂದು ಒಪ್ಪಿಕೊಳ್ಳುತ್ತಿತ್ತು. ನಾನು ಇಟ್ಟಿದ್ದ ಪರೀಕ್ಷೆಗಳೆಲ್ಲ ದಾಟುತ್ತಿದ್ದವು. ಮೂರನೆಯ ದಿನ ಪ್ರಿಂಟರ್ ಆರಿಸಿದ್ದಾಗ ಅದೇ ಖಾತೆಯನ್ನು ಉಳಿಸಲು ಹೋದೆವು. ಪಿಆರ್‌ಎನ್ ಎಂಬ ಸಾಧನ ಬರೆಯಲು ಸಿದ್ಧವಿಲ್ಲ, ನಿಲ್ಲಿಸಲೋ, ಮತ್ತೆ ಯತ್ನಿಸಲೋ, ಕಡೆಗಣಿಸಲೋ ಎಂದು ಡಾಸ್ ಪರದೆಯ ಮೇಲೆ ಕೇಳಿತು. ಆ ಸಂದೇಶದಲ್ಲಿ "ಸಾಧನ" ಎಂಬ ಪದ ಕಂಡಾಗ ವಿಷಯ ತಿಳಿಯಿತು: ಆ ಮೂರಕ್ಷರ ಡಾಸ್‌ನಲ್ಲಿ ಪ್ರಿಂಟರಿನ ಹೆಸರು. ಆ ಬೆಳೆಗಾರರ ಲೆಕ್ಕವನ್ನು ನಾವು ಡಿಸ್ಕಿನಲ್ಲಿ ಒಮ್ಮೆಯೂ ಬರೆದಿರಲಿಲ್ಲ.

ಒಳಗೆ ನಡೆಯುತ್ತಿದ್ದುದು ಇಷ್ಟು. ಫೈಲೊಂದನ್ನು ತೆರೆಯೆಂದು ಪ್ರೋಗ್ರಾಮ್ ಕೇಳಿದಾಗ ಡಾಸ್ ನೇರವಾಗಿ ಡಿಸ್ಕಿನ ಡೈರೆಕ್ಟರಿಗೆ ಹೋಗುವುದಿಲ್ಲ. ಮೊದಲು ಕೊಟ್ಟ ಹೆಸರಿನ ಬಾಲವನ್ನು, ಎಂದರೆ ಚುಕ್ಕೆಯ ನಂತರದ ಮೂರಕ್ಷರದ ವಿಸ್ತರಣೆಯನ್ನು ಬಿಟ್ಟು, ಉಳಿದದ್ದನ್ನು ಖಾಲಿ ಜಾಗಗಳಿಂದ ಎಂಟಕ್ಷರಕ್ಕೆ ತುಂಬಿಸಿಕೊಳ್ಳುತ್ತದೆ. ಆಮೇಲೆ ಸಾಧನಚಾಲಕಗಳ, ಎಂದರೆ ಒಂದೊಂದು ಸಾಧನವನ್ನು ನಡೆಸುವ ಸಣ್ಣ ಪ್ರೋಗ್ರಾಮುಗಳ, ಒಂದು ಸರಪಣಿಯನ್ನು ಹಿಡಿದು ನಡೆಯುತ್ತದೆ. ಪ್ರತಿಯೊಂದು ಚಾಲಕದ ತಲೆಯಲ್ಲಿ 18 ಬೈಟುಗಳ ಒಂದು ಪಟ್ಟಿ ಇರುತ್ತದೆ: ಮುಂದಿನ ಚಾಲಕ ಎಲ್ಲಿದೆ ಎಂಬುದಕ್ಕೆ ನಾಲ್ಕು ಬೈಟು, ಗುಣಲಕ್ಷಣಕ್ಕೆ ಎರಡು, ಕರೆಯಬೇಕಾದ ಎರಡು ದ್ವಾರಗಳಿಗೆ ಎರಡೆರಡು, ಕೊನೆಗೆ ಹೆಸರಿಗೆ ಎಂಟು. ಈ ಸರಪಣಿಯ ಮೊದಲ ಕೊಂಡಿ ಯಾವಾಗಲೂ ನಲ್, ಬರೆದದ್ದನ್ನೆಲ್ಲ ನುಂಗಿಬಿಡುವ ಹುಸಿ ಸಾಧನ. ಹೆಸರು ಎಲ್ಲಾದರೂ ಹೊಂದಿದರೆ ಹುಡುಕಾಟ ಅಲ್ಲಿಗೇ ಮುಗಿಯುತ್ತದೆ. ಡೈರೆಕ್ಟರಿಯನ್ನು ನೋಡುವ ಪ್ರಶ್ನೆಯೇ ಬರುವುದಿಲ್ಲ. ನನ್ನ ಬೆಳೆಗಾರರ ಹೆಸರಿಗೆ ಡ್ಯಾಟ್ ಎಂಬ ಬಾಲವಿದ್ದರೂ ಅದು ಅವರನ್ನು ಕಾಪಾಡದೆ ಹೋದದ್ದು ಇದರಿಂದ.

ಇಂಥ ಏರ್ಪಾಡು ಯಾಕೆ ಬೇಕಾಯಿತು ಎಂಬುದನ್ನು ಅರಿಯಲು ಡಾಸ್‌ಗಿಂತ ಹಿಂದಿನ ಸಿಪಿ/ಎಂ ಎಂಬ ವ್ಯವಸ್ಥೆಗೆ ಹೋಗಬೇಕು. ಗ್ಯಾರಿ ಕಿಲ್ಡಾಲ್ 1974ರಲ್ಲಿ ರೂಪಿಸಿದ ಆ ವ್ಯವಸ್ಥೆಯಲ್ಲಿ ನಾಲ್ಕು ಸಾಧನಗಳಿಗೆ ಹೆಸರಿತ್ತು: ಬಳಕೆದಾರ ಕುಳಿತಿರುವ ಕೀಲಿಮಣೆ ಮತ್ತು ಪರದೆಗೆ ಕಾನ್, ಕಾಗದದ ಪಟ್ಟಿಯನ್ನು ಓದುವ ಯಂತ್ರಕ್ಕೆ ಆರ್‌ಡಿಆರ್, ಕಾಗದದ ಪಟ್ಟಿಯಲ್ಲಿ ತೂತು ಕೊರೆಯುವ ಯಂತ್ರಕ್ಕೆ ಪನ್, ಅಚ್ಚು ಹಾಕುವ ಯಂತ್ರಕ್ಕೆ ಎಲ್‌ಎಸ್‌ಟಿ. ಪ್ರತಿ ಹೆಸರಿನ ಮುಂದೆ ವಿವರಣ ಚಿಹ್ನೆಯ ಎರಡು ಚುಕ್ಕೆ ಇಡಬೇಕಿತ್ತು. ಆ ಎರಡು ಚುಕ್ಕೆ ಫೈಲಿನ ಹೆಸರಿನಲ್ಲಿ ಬರುವಂತಿರಲಿಲ್ಲವಾದ್ದರಿಂದ ಯಾವುದು ಸಾಧನ, ಯಾವುದು ಫೈಲು ಎಂಬ ಗೊಂದಲಕ್ಕೆ ಎಡೆಯಿರಲಿಲ್ಲ. ಆದರೆ ಒಂದು ದೊಡ್ಡ ಕೊರತೆಯಿತ್ತು. ಈ ಹೆಸರುಗಳು ನಕಲು ಮಾಡಲು ಬಳಸುವ ಪಿಪ್‌ನಂಥ ಕೆಲವು ಪ್ರೋಗ್ರಾಮುಗಳಿಗೆ ಗೊತ್ತಿದ್ದವೇ ಹೊರತು ವ್ಯವಸ್ಥೆಯ ಗರ್ಭಕ್ಕೆ ಗೊತ್ತಿರಲಿಲ್ಲ. ಅಲ್ಲಿ ಪರದೆಗೆ ಒಂದಕ್ಷರ ಕಳಿಸುವುದು 2ನೆಯ ಸಂಖ್ಯೆಯ ಕರೆ, ಅಚ್ಚಿಗೆ ಕಳಿಸುವುದು 5ನೆಯದು, ಫೈಲು ತೆರೆಯುವುದು 15ನೆಯದು; ಒಂದಕ್ಕೊಂದು ಸಂಬಂಧವಿಲ್ಲ. ಫೈಲಿಗೆ ಬರೆಯುವ ಪ್ರೋಗ್ರಾಮು ಅಚ್ಚಿಗೂ ಬರೆಯಬೇಕೆಂದರೆ ಅದನ್ನು ಬರೆದವರೇ ಎರಡು ದಾರಿಗಳನ್ನೂ ಕೈಯಾರೆ ಕಡಿಯಬೇಕಿತ್ತು.

1981ರ ಆಗಸ್ಟಿನಲ್ಲಿ ಐಬಿಎಂ ಪರ್ಸನಲ್ ಕಂಪ್ಯೂಟರಿನ ಜೊತೆ ಬಂದ ಡಾಸ್ ಈ ಕೊರತೆಯನ್ನು ನೀಗಿಸಿತು. ಸಿಯಾಟಲ್ ಕಂಪ್ಯೂಟರ್ ಪ್ರಾಡಕ್ಟ್ಸ್ ಸಂಸ್ಥೆಯಲ್ಲಿ ಟಿಮ್ ಪ್ಯಾಟರ್ಸನ್ ಬರೆದ ವ್ಯವಸ್ಥೆಯನ್ನು ಮೈಕ್ರೋಸಾಫ್ಟ್ ಕೊಂಡು ಬೆಳೆಸಿದ್ದು ಅದು. ಅದರಲ್ಲಿ ಸಾಧನದ ಹೆಸರನ್ನು ಫೈಲು ತೆರೆಯುವ ಕರೆಯೇ ಗುರುತಿಸುತ್ತಿತ್ತು. ಎರಡು ಚುಕ್ಕೆ ಇಟ್ಟರೂ ಸರಿ, ಬಿಟ್ಟರೂ ಸರಿ. ಇದರಿಂದ, ಫೈಲಿಗೆ ಬರೆಯಲು ಬಲ್ಲ ಯಾವ ಪ್ರೋಗ್ರಾಮೇ ಆದರೂ, ಅದನ್ನು ಬರೆದವರು ಪ್ರಿಂಟರಿನ ಬಗ್ಗೆ ಒಂದು ಸಾಲನ್ನೂ ಬರೆಯದಿದ್ದರೂ, ಪ್ರಿಂಟರಿಗೆ ಬರೆಯಬಲ್ಲದಾಯಿತು. ಈ ವಿಚಾರವನ್ನು ನಾನು ಇಂದಿಗೂ ಗೌರವದಿಂದ ಕಾಣುತ್ತೇನೆ. ಕಾನ್‌ನಿಂದ ಒಂದು ಫೈಲಿಗೆ ನಕಲು ಮಾಡು ಎಂದು ಕಾಪಿ ಆಜ್ಞೆಗೆ ಹೇಳಿದರೆ ಕೀಲಿಮಣೆಯಲ್ಲಿ ಕುಟ್ಟಿದ್ದೆಲ್ಲ ಫೈಲಾಗುತ್ತಿತ್ತು. ಎಡಿಟರ್ ಇಲ್ಲದ ಯಂತ್ರದಲ್ಲಿ ನಾವೆಲ್ಲ ಹಾಗೆಯೇ ಸಣ್ಣ ಫೈಲುಗಳನ್ನು ಬರೆದವರು. ಫೈಲನ್ನು ಪಿಆರ್‌ಎನ್‌ಗೆ ನಕಲು ಮಾಡಿದರೆ ಅಚ್ಚು. ಬೇಡದ ಮಾತನ್ನು ನಲ್‌ಗೆ ಸುರಿದರೆ ಅದು ಎಲ್ಲಿಯೂ ಸೇರುತ್ತಿರಲಿಲ್ಲ.

ವಿಸ್ತರಣೆಯನ್ನು ಕಡೆಗಣಿಸಿದ್ದಕ್ಕೂ ಇದೇ ಉಪಕಾರಬುದ್ಧಿ ಕಾರಣ. ಅಂದಿನ ಕಂಪೈಲರುಗಳು, ಎಂದರೆ ನಾವು ಬರೆದ ಪ್ರೋಗ್ರಾಮನ್ನು ಯಂತ್ರದ ಭಾಷೆಗೆ ಇಳಿಸುವ ಪ್ರೋಗ್ರಾಮುಗಳು, ಬಳಕೆದಾರ ಕೊಟ್ಟ ಹೆಸರಿಗೆ ತಾವಾಗಿಯೇ ಬಾಲ ಅಂಟಿಸುತ್ತಿದ್ದವು. ವರದಿಯ ಫೈಲಿಗೆ ಏನು ಹೆಸರು ಎಂದು ಕೇಳಿದಾಗ ಬಳಕೆದಾರ ಪಿಆರ್‌ಎನ್ ಎಂದು ಉತ್ತರಿಸಿದರೆ, ಕಂಪೈಲರ್ ಅದಕ್ಕೆ ಎಲ್‌ಎಸ್‌ಟಿ ಎಂಬ ಬಾಲ ಸೇರಿಸಿ ತೆರೆಯಲು ಹೋಗುತ್ತಿತ್ತು. ಆಗಲೂ ಅದು ಪ್ರಿಂಟರಿಗೇ ಹೋಗಬೇಕಲ್ಲವೇ? ಆದ್ದರಿಂದ ಬಾಲ ಏನೇ ಇದ್ದರೂ ತಲೆ ಪಿಆರ್‌ಎನ್ ಆಗಿದ್ದರೆ ಅದು ಪ್ರಿಂಟರೇ ಎಂದು ನಿಶ್ಚಯಿಸಿದರು. ಮೊದಲ ಡಾಸ್‌ನ 160 ಕಿಲೋಬೈಟಿನ ಫ್ಲಾಪಿಯಲ್ಲಿ ಹೆಚ್ಚೆಂದರೆ 64 ಫೈಲುಗಳು ಹಿಡಿಯುತ್ತಿದ್ದವು, ಒಂದೇ ಡೈರೆಕ್ಟರಿ. ಅಷ್ಟು ಸಣ್ಣ ಮನೆಯಲ್ಲಿ ಐದಾರು ಹೆಸರುಗಳನ್ನು ಮೀಸಲಿಟ್ಟರೆ ಯಾರಿಗೂ ಭಾರವೆನಿಸುವುದಿಲ್ಲ. 1981ರ ಮಟ್ಟಿಗೆ ಆ ತೀರ್ಮಾನ ಸರಿಯಾಗಿಯೇ ಇತ್ತು ಎಂದು ನಾನು ನಂಬಿದ್ದೇನೆ.

ಎಡವಿದ್ದು 1983ರಲ್ಲಿ. ಆ ವರ್ಷದ ಮಾರ್ಚಿನಲ್ಲಿ, 10 ಮೆಗಾಬೈಟಿನ ಹಾರ್ಡ್ ಡಿಸ್ಕ್ ಇದ್ದ ಪಿಸಿ ಎಕ್ಸ್‌ಟಿಯ ಜೊತೆಗೆ ಡಾಸ್ 2.0 ಬಂತು. ಅಷ್ಟು ದೊಡ್ಡ ಡಿಸ್ಕಿನ ಫೈಲುಗಳನ್ನೆಲ್ಲ ಒಂದೇ ಪಟ್ಟಿಯಲ್ಲಿ ಇಡಲಾಗದು ಎಂದು ಡೈರೆಕ್ಟರಿಯೊಳಗೆ ಡೈರೆಕ್ಟರಿ ಇಡುವ ಕ್ರಮವನ್ನು ತಂದರು. ಡೈರೆಕ್ಟರಿ ಎಂದರೆ ಹೆಸರಿಗೆ ಕೊಡುವ ವಿಳಾಸ. ನಮ್ಮ ಸೀಮೆಯಲ್ಲಿ ಹೊಸಹಳ್ಳಿ ಎಂದಷ್ಟೇ ಹೇಳಿದರೆ ಬಸ್ಸಿನ ಕಂಡಕ್ಟರ್ ಯಾವ ಹೊಸಹಳ್ಳಿ ಎಂದು ಕೇಳುತ್ತಾನೆ. ಮತ್ತೂರಿನ ಪಕ್ಕದ ಹೊಸಹಳ್ಳಿ ಎಂದರೆ ಅವನಿಗೆ ಸಮಾಧಾನ. ಒಂದೇ ಹೆಸರಿನ ಊರುಗಳು ಎಷ್ಟಿದ್ದರೂ ಹೋಬಳಿ, ತಾಲ್ಲೂಕು ಸೇರಿಸಿದರೆ ಯಾವುದಕ್ಕೂ ತೊಂದರೆಯಿಲ್ಲ. ಫೈಲುಗಳಿಗೆ ಈ ಅನುಕೂಲ ಸಿಕ್ಕಿತು. ಸಾಧನಗಳಿಗೆ ಮಾತ್ರ ಸಿಗಲಿಲ್ಲ. ಡೈರೆಕ್ಟರಿಗಳು ಹುಟ್ಟುವ ಮೊದಲೇ ಬರೆದಿದ್ದ ಪ್ರೋಗ್ರಾಮುಗಳು ಬರೀ ಪಿಆರ್‌ಎನ್ ಎಂದೇ ಕರೆಯುತ್ತಿದ್ದವು, ಅವು ಯಾವ ಡೈರೆಕ್ಟರಿಯಲ್ಲಿ ನಿಂತು ಕರೆದರೂ ಪ್ರಿಂಟರ್ ಓಗೊಡಬೇಕಿತ್ತು. ಆದ್ದರಿಂದ ಸಾಧನದ ಹೆಸರು ಪ್ರತಿಯೊಂದು ಡೈರೆಕ್ಟರಿಯಲ್ಲೂ ಇದೆಯೆಂಬಂತೆ ವ್ಯವಹರಿಸಿದರು. ಮಲೆನಾಡಿನಲ್ಲಿ ಮೀಸಲು ಅರಣ್ಯಕ್ಕೆ ಗಡಿಕಲ್ಲು ಇರುತ್ತದೆ. ಕಲ್ಲಿನ ಈಚೆ ನಮ್ಮ ಸೊಪ್ಪಿನಬೆಟ್ಟ, ಆಚೆ ಸರ್ಕಾರದ್ದು ಎಂದು ಮಕ್ಕಳಿಗೂ ಗೊತ್ತು. ಈ ಮೀಸಲಿಗೆ ಗಡಿಕಲ್ಲೇ ಇರಲಿಲ್ಲ.

ಬೇರೆ ದಾರಿ ಇರಲಿಲ್ಲವೇ? ಇತ್ತು, ಮತ್ತು ಡಾಸ್ 2.0 ಬರೆದವರಿಗೆ ಅದು ಚೆನ್ನಾಗಿ ಗೊತ್ತಿತ್ತು. ಡೈರೆಕ್ಟರಿಯ ಕ್ರಮವನ್ನು ಅವರು ತಂದದ್ದೇ ಡಾಸ್‌ಗಿಂತ ಹಳೆಯ ಇನ್ನೊಂದು ವ್ಯವಸ್ಥೆಯಾದ ಯುನಿಕ್ಸ್‌ನಿಂದ. ಡೆನಿಸ್ ರಿಚಿ ಮತ್ತು ಕೆನ್ ಥಾಂಪ್ಸನ್ 1974ರಲ್ಲಿ ಪ್ರಕಟಿಸಿದ ಯುನಿಕ್ಸ್ ಕುರಿತ ಪ್ರಬಂಧದಲ್ಲಿ ಸಾಧನವನ್ನು ಫೈಲಿನಂತೆ ಕಾಣುವುದರ ಮೂರು ಲಾಭಗಳನ್ನು ಹೇಳಿದ್ದಾರೆ: ಸಾಧನದೊಂದಿಗೆ ಮತ್ತು ಫೈಲಿನೊಂದಿಗೆ ವ್ಯವಹರಿಸುವ ರೀತಿ ಆದಷ್ಟು ಒಂದೇ ಆಗುತ್ತದೆ, ಎರಡರ ಹೆಸರಿಗೂ ಒಂದೇ ವ್ಯಾಕರಣವಿರುವುದರಿಂದ ಫೈಲನ್ನು ನಿರೀಕ್ಷಿಸುವ ಪ್ರೋಗ್ರಾಮಿಗೆ ಸಾಧನವನ್ನು ಕೊಡಬಹುದು, ಫೈಲಿಗಿರುವ ರಕ್ಷಣೆಯೇ ಸಾಧನಕ್ಕೂ ದೊರೆಯುತ್ತದೆ. ಡಾಸ್ ಇವುಗಳಲ್ಲಿ ಮೊದಲ ಎರಡನ್ನು ಪಡೆಯಿತು. ಆದರೆ ಯುನಿಕ್ಸ್‌ನಲ್ಲಿ ಸಾಧನಗಳೆಲ್ಲ ಡೆವ್ ಎಂಬ ಒಂದು ಡೈರೆಕ್ಟರಿಯೊಳಗೆ ವಾಸಿಸುತ್ತವೆ. ಡೆವ್‌ನೊಳಗಿನ ನಲ್ ಸಾಧನ. ನನ್ನ ಡೈರೆಕ್ಟರಿಯೊಳಗಿನ ನಲ್ ನನ್ನ ಫೈಲು. ಅಲ್ಲಿ ಹೆಸರಿನೊಳಗೆ ಬರಬಾರದ ಸಂಕೇತಗಳು ಎರಡೇ: ವಿಳಾಸವನ್ನು ಬೇರ್ಪಡಿಸುವ ಓರೆಗೆರೆ ಮತ್ತು ಸೊನ್ನೆ ಬೆಲೆಯ ಬೈಟು.

ನನ್ನನ್ನು ಹೆಚ್ಚು ಕಾಡುವ ಸಂಗತಿ ಇನ್ನೊಂದಿದೆ. ಡಾಸ್ 2ರ ಸರಣಿಯಲ್ಲಿ, ಯಂತ್ರ ಶುರುವಾಗುವಾಗ ಡಾಸ್ ಓದುವ ಕಾನ್ಫಿಗ್.ಸಿಸ್ ಎಂಬ ಫೈಲಿನೊಳಗೆ ಅವೈಲ್‌ಡೆವ್ ಎಂಬ ಒಂದು ಸಾಲನ್ನು ಬರೆದು ಅದಕ್ಕೆ ಫಾಲ್ಸ್ ಎಂಬ ಬೆಲೆ ಕೊಟ್ಟರೆ, ಸಾಧನಗಳು ಡೆವ್ ಎಂಬ ವಿಳಾಸದ ಮೂಲಕ ಮಾತ್ರ ಸಿಗುವಂತಾಗುತ್ತಿತ್ತು, ಬರಿಯ ಹೆಸರುಗಳು ಸಾಮಾನ್ಯ ಫೈಲುಗಳಿಗೆ ಬಿಡುವಾಗುತ್ತಿದ್ದವು. ಕೈಪಿಡಿಗಳಲ್ಲಿ ಇದರ ವಿವರಣೆ ಇರಲಿಲ್ಲ. ಮುಂದಿನ ಆವೃತ್ತಿಯಲ್ಲಿ ಆ ಸಾಲನ್ನು ತೆಗೆದುಹಾಕಿದರು. ಡೆವ್ ಎಂಬ ವಿಳಾಸ ಹಾಕಿ ಕರೆದರೂ ಸಾಧನ ಸಿಗುವ ಅನುಕೂಲವನ್ನು ಮಾತ್ರ ಉಳಿಸಿಕೊಂಡರು. ಮನೆ ಕಟ್ಟಿಯಾಗಿತ್ತು, ಒಕ್ಕಲನ್ನು ಅದರೊಳಗೆ ಇರಿಸುವ ಕೆಲಸವೊಂದು ಬಾಕಿ ಇತ್ತು. ಆ ಸಾಲು ಸಹಜ ರೂಢಿಯಾಗಿ, ಎಲ್ಲರಿಗೂ ತಿಳಿದಿದ್ದರೆ, ಹಳೆಯ ಪ್ರೋಗ್ರಾಮುಗಳು ಸಾಯುತ್ತ ಹೋದ ಹಾಗೆ ಈ ಮೀಸಲೂ ತಾನಾಗಿ ಕರಗುತ್ತಿತ್ತು ಎಂಬುದು ನನ್ನ ಅಭಿಪ್ರಾಯ.

ಎಲ್ಲ ಡೈರೆಕ್ಟರಿಯಲ್ಲೂ ಇರುವ ಈ ಗುಣವನ್ನು ಒಳ್ಳೆಯದಕ್ಕೆ ಬಳಸಿದವರೂ ಇದ್ದರು, ಅವರಲ್ಲಿ ನಾನೂ ಒಬ್ಬ. ಒಂದು ಡೈರೆಕ್ಟರಿ ಇದೆಯೇ ಇಲ್ಲವೇ ಎಂದು, ಆಜ್ಞೆಗಳನ್ನು ಸಾಲಾಗಿ ಬರೆದಿಡುವ ಬ್ಯಾಚ್ ಫೈಲಿನಲ್ಲಿ ನೇರವಾಗಿ ಕೇಳುವ ಉಪಾಯ ಡಾಸ್‌ನಲ್ಲಿರಲಿಲ್ಲ; ಫೈಲು ಇದೆಯೇ ಎಂದಷ್ಟೇ ಕೇಳಬಹುದಿತ್ತು. ಆಗ ಆ ಡೈರೆಕ್ಟರಿಯೊಳಗೆ ನಲ್ ಎಂಬ ಫೈಲು ಇದೆಯೇ ಎಂದು ಕೇಳುತ್ತಿದ್ದೆವು. ಡೈರೆಕ್ಟರಿ ಇದ್ದರೆ ನಲ್ ಇದ್ದೇ ಇರುತ್ತದೆ. ಸರಪಣಿಯ ಕ್ರಮಕ್ಕೂ ಒಂದು ಸೊಗಸಿತ್ತು. ಹೊಸ ಚಾಲಕ ಬಂದರೆ ಅದನ್ನು ನಲ್‌ನ ಬೆನ್ನಿಗೇ, ಹಳೆಯವುಗಳ ಮುಂದೆ ಸೇರಿಸುತ್ತಿದ್ದರು. ಆನ್ಸಿ.ಸಿಸ್ ಎಂಬ ಚಾಲಕ ತನ್ನ ಹೆಸರನ್ನು ಕಾನ್ ಎಂದೇ ಹೇಳಿಕೊಂಡು ಬಂದು ಸೇರಿಕೊಳ್ಳುತ್ತಿತ್ತು. ಹುಡುಕಾಟದಲ್ಲಿ ಅದೇ ಮೊದಲು ಸಿಗುತ್ತಿದ್ದುದರಿಂದ ಹಳೆಯ ಕಾನ್ ಹಿಂದೆ ಸರಿದು, ಯಾವ ಪ್ರೋಗ್ರಾಮನ್ನೂ ಮುಟ್ಟದೆ ಪರದೆಗೆ ಬಣ್ಣ ಬರುತ್ತಿತ್ತು. 640 ಕಿಲೋಬೈಟಿನ ಆಚೆಯ ಸ್ಮೃತಿಯನ್ನು ನೋಡಿಕೊಳ್ಳುವ ಚಾಲಕ ಇದೆಯೇ ಎಂದು ತಿಳಿಯಲು ಪ್ರೋಗ್ರಾಮುಗಳು ಇಎಂಎಂ ಎಂಬ ಮೂರಕ್ಷರ, ನಾಲ್ಕು ಎಕ್ಸ್, ಒಂದು ಸೊನ್ನೆ ಸೇರಿದ ಹೆಸರನ್ನು ಫೈಲಿನಂತೆ ತೆರೆದು ನೋಡುತ್ತಿದ್ದವು. ಯಾರೂ ತಮ್ಮ ಫೈಲಿಗೆ ಇಡಲಾರದಂಥ ಹೆಸರು ಅದು. ವಿಳಾಸ ಕೊಡಲಾಗದಿದ್ದಾಗ ಹೆಸರನ್ನೇ ವಿಚಿತ್ರಗೊಳಿಸುವುದೊಂದೇ ಉಳಿದ ದಾರಿ.

ಸಿಪಿ/ಎಂನಿಂದ ಬಂದ ಇನ್ನೊಂದು ಬಳುವಳಿಯನ್ನು ಹೇಳದಿದ್ದರೆ ನನ್ನ ಮಂಡಿಯ ಕಥೆ ಅರ್ಧವಾಗುತ್ತದೆ. ಆ ವ್ಯವಸ್ಥೆ ಫೈಲಿನ ಉದ್ದವನ್ನು 128 ಬೈಟುಗಳ ತುಂಡುಗಳಲ್ಲಿ ಎಣಿಸುತ್ತಿತ್ತು. ನೂರು ಬೈಟಿನ ಪತ್ರವನ್ನು ಬರೆದರೆ ಉಳಿದ ಇಪ್ಪತ್ತೆಂಟು ಬೈಟು ಪತ್ರದ ಭಾಗವೋ ಕಸವೋ ಎಂದು ತಿಳಿಯುತ್ತಿರಲಿಲ್ಲ. ಅದಕ್ಕಾಗಿ ಪಠ್ಯ ಮುಗಿದ ಜಾಗದಲ್ಲಿ ಕಂಟ್ರೋಲ್ ಜೆಡ್ ಎಂಬ ಗುರುತನ್ನು ಇಡುತ್ತಿದ್ದರು. ಜೆಡ್ ಇಂಗ್ಲಿಷಿನ 26ನೆಯ ಅಕ್ಷರ, ಆದ್ದರಿಂದ ಆ ಗುರುತಿನ ಬೆಲೆಯೂ 26. ಡಾಸ್ ಫೈಲಿನ ಉದ್ದವನ್ನು ಬೈಟು ಬೈಟಿಗೆ ಸರಿಯಾಗಿ, ಡೈರೆಕ್ಟರಿಯ ನಾಲ್ಕು ಬೈಟುಗಳಲ್ಲಿ ಬರೆದಿಡುತ್ತಿದ್ದರೂ ಹಳೆಯ ಗುರುತನ್ನು ಗೌರವಿಸುವುದನ್ನು ಬಿಡಲಿಲ್ಲ. ನಾನು ಮೂಟೆಗಳ ಸಂಖ್ಯೆಯನ್ನು ಒಂದು ಬೈಟಿನಲ್ಲಿ ಬರೆಯುತ್ತಿದ್ದೆ. ದಿನದ ಆವಕದ ಆ ಫೈಲನ್ನು ತೆರೆಯುವಾಗ ಬೈನರಿ, ಎಂದರೆ ಪಠ್ಯವಲ್ಲದ ಬರಿಯ ಬೈಟುಗಳು, ಎಂದು ಹೇಳಲು ಮರೆತು ಪಠ್ಯವೆಂದೇ ತೆರೆದಿದ್ದೆ. ತಿಂಗಳುಗಟ್ಟಲೆ ಏನೂ ಆಗಲಿಲ್ಲ. ಒಂದು ದಿನ ಒಬ್ಬರು ಸರಿಯಾಗಿ 26 ಮೂಟೆ ತಂದರು. ಅವರ ನಂತರ ಬಂದ ಬೆಳೆಗಾರರ ಆವಕವೆಲ್ಲ ವರದಿಯಿಂದ ಮಾಯ. ಡಿಸ್ಕಿನಲ್ಲಿ ಎಲ್ಲವೂ ಇತ್ತು, ಓದುವವನು 26ನ್ನು ಕಂಡೊಡನೆ ಫೈಲು ಮುಗಿಯಿತೆಂದು ಎದ್ದುಹೋಗುತ್ತಿದ್ದ. ಹತ್ತು ಮೂಟೆ ತಂದವರಿಂದ ಇನ್ನೊಂದು ತೊಂದರೆ: 10 ಎಂಬುದು ಸಾಲು ಮುಗಿಯುವ ಗುರುತು, ಪಠ್ಯವಾಗಿ ಬರೆಯುವಾಗ ಅದರ ಹಿಂದೆ 13 ಎಂಬ ಇನ್ನೊಂದು ಬೈಟು ತಾನಾಗಿ ಸೇರುತ್ತಿತ್ತು. ಓದುವಾಗ ಅದು ಕಳಚಿಹೋಗುತ್ತಿದ್ದುದರಿಂದ ಲೆಕ್ಕ ತಪ್ಪುತ್ತಿರಲಿಲ್ಲ. ಆದರೆ ಎಣಿಸಿಟ್ಟ ಜಾಗಕ್ಕೆ ನೇರವಾಗಿ ಹಾರಿ ತಿದ್ದಲು ಹೋದಾಗ ಒಂದು ಬೈಟು ಆಚೀಚೆಯಾಗಿ ಪಕ್ಕದವರ ತೂಕ ಕೆಡುತ್ತಿತ್ತು.

ಅಳಿಸಿದ ಫೈಲಿನ ವಿಚಾರವನ್ನೂ ಚುಟುಕಾಗಿ ಹೇಳಿಬಿಡುತ್ತೇನೆ. ಡಾಸ್ ಫೈಲನ್ನು ಅಳಿಸುವಾಗ ಡೈರೆಕ್ಟರಿಯ 32 ಬೈಟಿನ ದಾಖಲೆಯಲ್ಲಿ ಹೆಸರಿನ ಮೊದಲಕ್ಷರವನ್ನು ಮಾತ್ರ 229 ಎಂಬ ಬೆಲೆಯಿಂದ ಮುಚ್ಚಿ, ಫೈಲು ಕುಳಿತಿದ್ದ ಜಾಗ ಬಿಡುವಾಯಿತೆಂದು ಗುರುತಿಸುತ್ತಿತ್ತು; ಬರಹ ಅಲ್ಲಿಯೇ ಇರುತ್ತಿತ್ತು. ಡಾಸ್ 5ರ ಜೊತೆ 1991ರಲ್ಲಿ ಬಂದ ಅನ್‌ಡಿಲೀಟ್, ಮರಳಿ ತರುವ ಮೊದಲು ಫೈಲಿನ ಮೊದಲಕ್ಷರ ಯಾವುದೆಂದು ನಮ್ಮನ್ನೇ ಕೇಳುತ್ತಿದ್ದುದು ಇದರಿಂದಲೇ. ಜಪಾನಿನವರಿಗೆ ಇಲ್ಲೊಂದು ಕಷ್ಟ ಎದುರಾಯಿತು. ಅವರ ಲಿಪಿಸಂಕೇತದಲ್ಲಿ 229 ಒಂದು ಕಾಂಜಿ ಅಕ್ಷರದ ಮೊದಲ ಬೈಟಾಗಬಹುದಿತ್ತು, ಅಂಥ ಹೆಸರಿನ ಫೈಲು ಹುಟ್ಟುವಾಗಲೇ ಅಳಿದಂತೆ ಕಾಣುತ್ತಿತ್ತು. ಅದಕ್ಕಾಗಿ ಆ ಬೈಟನ್ನು ಡಿಸ್ಕಿನಲ್ಲಿ 5 ಎಂದು ಬರೆದು, ಓದುವಾಗ 229 ಎಂದು ತಿಳಿಯುವ ಏರ್ಪಾಡು ಮಾಡಿದರು. ನಮ್ಮಲ್ಲಿ ಫೈಲುಗಳನ್ನು ಕಸಿಯುತ್ತಿದ್ದುದು ಮುಖ್ಯವಾಗಿ ಮಳೆಗಾಲ. ಆಷಾಢದ ಹೊತ್ತಿಗೆ ಫ್ಲಾಪಿಯ ಮುಚ್ಚಳ ಸರಿಸಿದರೆ ಕಂದು ತಟ್ಟೆಯ ಮೇಲೆ ಬೂಷ್ಟಿನ ಬಿಳಿ ಚುಕ್ಕೆಗಳು ಕಾಣುತ್ತಿದ್ದವು. ಅಂಥದ್ದನ್ನು ಡ್ರೈವಿಗೆ ಹಾಕಿದರೆ ಡ್ರೈವಿನ ತಲೆಯೂ ಮಲಿನವಾಗಿ ಮುಂದಿನ ಫ್ಲಾಪಿಯೂ ಹಾಳು.

ವಿಂಡೋಸ್ 95 ಬಂದಾಗ ಹೆಸರು 255 ಅಕ್ಷರಗಳವರೆಗೆ ಬೆಳೆಯಿತು, ಮೀಸಲು ಹೆಸರುಗಳು ಮಾತ್ರ ಹಾಗೆಯೇ ಉಳಿದವು. ಅದರ ಬೆಲೆ ಎಷ್ಟೆಂದು 2000ದ ಮಾರ್ಚಿನಲ್ಲಿ ಕಾಣಿಸಿತು. ವಿಂಡೋಸ್ 95 ಮತ್ತು 98ರಲ್ಲಿ ಒಂದೇ ವಿಳಾಸದೊಳಗೆ ಎರಡು ಸಾಧನನಾಮಗಳು ಬಂದರೆ, ಉದಾಹರಣೆಗೆ ಕಾನ್ ಎಂಬ ಡೈರೆಕ್ಟರಿಯೊಳಗಿನ ಕಾನ್ ಎಂದು ಕೇಳಿದರೆ, ಇಡೀ ಯಂತ್ರ ಕುಸಿಯುತ್ತಿತ್ತು. ಚಿತ್ರದ ವಿಳಾಸವೆಂದು ಆ ಎರಡು ಪದಗಳನ್ನು ಜಾಲಪುಟದೊಳಗೆ ಬರೆದಿಟ್ಟರೆ ಸಾಕು, ಆ ಪುಟ ತೆರೆದವರ ಕಂಪ್ಯೂಟರ್ ನಿಂತುಹೋಗುತ್ತಿತ್ತು. ಮೈಕ್ರೋಸಾಫ್ಟ್ ಆ ತಿಂಗಳಲ್ಲೇ ತೇಪೆಯನ್ನು ಬಿಡುಗಡೆ ಮಾಡಿತು. ಎನ್‌ಟಿ ವಂಶದ ವಿಂಡೋಸ್‌ನ ಗರ್ಭದಲ್ಲಿ ಸಾಧನಗಳಿಗೆ ಪ್ರತ್ಯೇಕ ನಾಮಲೋಕವೇ ಇದೆ. ಹಳೆಯ ಹೆಸರುಗಳನ್ನು ಹಿಡಿಯುವುದು ಅದರ ಮೇಲಿನ ಪದರ. ಆ ಪದರವನ್ನು ದಾಟಬೇಕೆಂದರೆ ಪೂರ್ತಿ ವಿಳಾಸದ ಮೊದಲಿಗೆ \\?\ ಎಂಬ ನಾಲ್ಕು ಚಿಹ್ನೆಗಳನ್ನು ಇಡಬೇಕು. ಎಲ್ಲಿಂದಲೋ ಬಂದು ಕೂತ, ಅಳಿಸಲು ಬಾರದ ಆಕ್ಸ್ ಎಂಬ ಫೈಲನ್ನು ಅಳಿಸಲು ಇದೇ ದಾರಿ.

ಎಲ್ಲಿಂದ ಬರುತ್ತದೆ ಎಂದರೆ, ಯುನಿಕ್ಸ್ ಮಾದರಿಯ ಲಿನಕ್ಸ್ ಬಳಸುವವರಿಂದ. ಲಿನಕ್ಸ್ ಕರ್ನಲ್‌ನ ಮೂಲದಲ್ಲಿಯೇ, ನೂವೋ ಎಂಬ ಗ್ರಾಫಿಕ್ಸ್ ಚಾಲಕದೊಳಗೆ, ಆಕ್ಸ್.ಸಿ ಎಂಬ ಫೈಲಿದೆ. ಅವರ ಮಟ್ಟಿಗೆ ಅದರಲ್ಲಿ ತಪ್ಪೇನೂ ಇಲ್ಲ. ಆ ಮೂಲವನ್ನು ವಿಂಡೋಸ್ ಯಂತ್ರಕ್ಕೆ ಇಳಿಸಲು ಹೋದವರಿಗೆ ಆ ಒಂದು ಫೈಲು ಇಳಿಯುವುದಿಲ್ಲ. ವಿಂಡೋಸ್ 11ರಲ್ಲಿ ಈ ಬಿಗಿ ಸ್ವಲ್ಪ ಸಡಿಲವಾಗಿದೆ, ಪೂರ್ತಿ ಹೋಗಿಲ್ಲ. 1981ರ ಪ್ರೋಗ್ರಾಮು ಇನ್ನೂ ಎಲ್ಲೋ ಓಡುತ್ತಿರಬಹುದು ಎಂಬ ಅಳುಕಿನಿಂದ ಹೆಸರುಗಳು ಉಳಿದುಕೊಳ್ಳುತ್ತವೆ. ನಮ್ಮ ಊರಿನ ಹೆಸರು ಇಂಗ್ಲಿಷಿನಲ್ಲಿಯೂ ಶಿವಮೊಗ್ಗವೆಂದು ಬದಲಾದದ್ದು 2014ರ ನವೆಂಬರ್ 1ರಂದು. ರೈಲು ಟಿಕೆಟಿನ ಮೇಲಿನ ನಾಲ್ಕಕ್ಷರದ ಸಂಕೇತ ಮಾತ್ರ ಈಗಲೂ ಎಸ್‌ಎಂಇಟಿ, ಶಿಮೊಗ ಟೌನ್ ಎಂಬ ಹಳೆಯ ಹೆಸರಿನದೇ. ಅದನ್ನು ನಂಬಿಕೊಂಡ ಗಣಕಗಳು, ಪಟ್ಟಿಗಳು ಎಷ್ಟಿವೆಯೋ.

ಮಾತು ಮುಗಿದ ಮೇಲೆ ಒಬ್ಬ ವಿದ್ಯಾರ್ಥಿನಿ, ಕನ್ನಡ ಲಿಪಿಯಲ್ಲಿ ಕಾನ್ ಎಂದು ಬರೆದರೆ ವಿಂಡೋಸ್ ಬಿಡುತ್ತದೆಯೇ ಎಂದು ಕೇಳಿದಳು. ಒಳ್ಳೆಯ ಪ್ರಶ್ನೆ. ಸರಪಣಿಯಲ್ಲಿ ಹೋಲಿಸುವುದು ಉಚ್ಚಾರವನ್ನಲ್ಲ, ಸಂಕೇತಸಂಖ್ಯೆಗಳನ್ನು. ಜಗತ್ತಿನ ಲಿಪಿಗಳ ಅಕ್ಷರಗಳಿಗೆ ಸಂಖ್ಯೆ ಕೊಡುವ ಯುನಿಕೋಡಿನಲ್ಲಿ ಕನ್ನಡದ ಅಕ್ಷರಗಳು ಬೇರೆಯೇ ಕೇರಿಯಲ್ಲಿವೆ. ಅದೇ ಲ್ಯಾಪ್‌ಟಾಪಿನಲ್ಲಿ ಅವಳೇ ಬಂದು, ಮಲೆನಾಡಿನ ದಟ್ಟ ಕಾಡಿನ ಹೆಸರೂ ಆಗಲೆಂದು, ಕಾನು ಎಂಬ ಫೋಲ್ಡರ್ ಮಾಡಿದಳು. ಅದರೊಳಗೆ ಕಾನ್ ಎಂಬ ಇನ್ನೊಂದನ್ನೂ ಮಾಡಿದಳು. ಎರಡೂ ನಿಂತವು. ಆದರೆ ಯುನಿಕೋಡ್ ತಿಳಿಯದ ಹಳೆಯ ಪ್ರೋಗ್ರಾಮಿನಿಂದ ಅವನ್ನು ತೆರೆಯಲು ಹೋದರೆ ಪ್ರತಿ ಅಕ್ಷರದ ಜಾಗದಲ್ಲೂ ಪ್ರಶ್ನಾರ್ಥಕ ಚಿಹ್ನೆ ಬರುತ್ತದೆ, ಮತ್ತು ಪ್ರಶ್ನಾರ್ಥಕ ಚಿಹ್ನೆ ಡಾಸ್ ಕಾಲದಿಂದಲೂ ಯಾವುದಾದರೂ ಒಂದಕ್ಷರ ಎಂಬ ಅರ್ಥಕ್ಕೆ ಮೀಸಲು, ಹಾಗಾಗಿ ಅಂಥ ಹೆಸರಿನ ಫೈಲು ತೆರೆಯುವುದೇ ಇಲ್ಲ ಎಂಬುದನ್ನೂ ಅವಳಿಗೆ ಹೇಳಿದೆ.

ಇನ್ನೊಬ್ಬರು ಆ ಬೆಳೆಗಾರರ ಖಾತೆ ಏನಾಯಿತು ಎಂದು ವಿಚಾರಿಸಿದರು. ಮಂಡಿಯ ಗುಮಾಸ್ತರು ಹರಿದ ಹಾಳೆಗಳನ್ನು ಬಿಸಾಡುವವರಲ್ಲ. ಹಿಂಬದಿಯಲ್ಲಿ ಕೂಡಿಸಿ ಕಳೆಯಲು ಆಗುತ್ತದೆಂದು ಎಲ್ಲವನ್ನೂ ಮೊಳೆಗೆ ಸಿಕ್ಕಿಸಿ ಇಟ್ಟಿದ್ದರು. ನಾನು ಫೈಲುಗಳ ಹೆಸರನ್ನು ಇನಿಷಿಯಲ್‌ನಿಂದ ಖಾತೆಯ ಸಂಖ್ಯೆಗೆ ಬದಲಿಸಿದೆ, ಅವರು ಮೊಳೆಯಿಂದ ಹಾಳೆಗಳನ್ನು ಇಳಿಸಿ ಒಂದೊಂದಾಗಿ ಓದಿ ಹೇಳಿದರು, ಸಂಜೆಯೊಳಗೆ ಪೂರ್ತಿ ಲೆಕ್ಕವನ್ನು ಮತ್ತೆ ತುಂಬಿಸಿದೆವು. ಒಂದು ದಿನದ ಹಾಳೆ ಮಾತ್ರ ಸಿಗಲಿಲ್ಲ. ಆ ಬೆಳೆಗಾರರೇ ಮುಂದಿನ ವಾರ ತೂಕದ ಚೀಟಿ ತಂದು ಬರೆಸಿಹೋದರು.